ಕುಳಿತು ತೆಗೆದ ಅಳತೆ

ಆ ದಿನ ಬೆಳಗ್ಗೆ ಬೀದಿಯೆಲ್ಲ ಗಾಳಿಯದೇ ಆಗಿತ್ತು. ಮಳೆಯ ಸುಳಿವಿಲ್ಲ, ಬಿಸಿಲಿಗೂ ಇನ್ನೂ ಮನಸ್ಸಿಲ್ಲ, ಬರೀ ಗಾಳಿ. ಅಂಗಡಿಯ ಮುಂದೆ ಹಗ್ಗಕ್ಕೆ ತೂಗುಹಾಕಿದ್ದ ಹೊಸ ಅಂಗಿಗಳು ಒಳಗೆ ಆಳಿಲ್ಲದೆಯೇ ಎದೆಯುಬ್ಬಿಸಿ, ತೋಳು ಬೀಸಿ, ಒಂದರ ಬೆನ್ನನ್ನು ಇನ್ನೊಂದು ತಟ್ಟುತ್ತಿದ್ದವು. ದರ್ಜಿ ತನ್ನ ಹೊಲಿಗೆ ಮೆಷಿನ್ನಿನ ಹಿಂದೆ ಕುಳಿತು ಅವನ್ನೇ ನೋಡುತ್ತಿದ್ದ. ಮೂಳೆಯಿಲ್ಲ, ರಕ್ತವಿಲ್ಲ, ಆದರೂ ಎಷ್ಟು ಸಲೀಸಾಗಿ ಎದ್ದು ನಿಲ್ಲುತ್ತವೆ ನೋಡು ಎಂದುಕೊಂಡ.

ಅಂಗಡಿಯ ಬಾಗಿಲು ತೆಗೆದ ಮೇಲೆ ಅವನು ದಿನವೂ ಮೊದಲು ಮಾಡುವ ಕೆಲಸ ಒಂದೇ. ಮೆಷಿನ್ನಿನ ಬಲಗಡೆಯ ಚಕ್ರದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ದೇವರಿಗೆ ಕೃತಜ್ಞತೆ ಹೇಳುವುದು. ಕಣ್ಣು ಕೊಟ್ಟೆ, ಬೆರಳು ಕೊಟ್ಟೆ, ದಾರ ಕೊಟ್ಟೆ, ಆ ದಾರದಿಂದ ಮೈ ಮುಚ್ಚಿಕೊಳ್ಳುವ ಜನರನ್ನೂ ಕೊಟ್ಟೆ. ನಿನ್ನ ಋಣ ದೊಡ್ಡದು. ತಂದೆ ಕಸುಬು ಕಲಿಸುವಾಗಲೇ ಕಲಿಸಿಕೊಟ್ಟ ಮಾತುಗಳಿವು. ಈ ಮಾತುಗಳಲ್ಲಿ ಕಾಲಿನ ಸುದ್ದಿಯೇ ಇಲ್ಲವಲ್ಲ ಎಂದು ಅವನಿಗೆ ಹೊಳೆದದ್ದು ಬಹಳ ತಡವಾಗಿ. ಅದು ಹೊಳೆದ ಕತೆಯೇ ಇದು.

ತೂಗುತ್ತಿದ್ದ ಅಂಗಿಗಳನ್ನು ಪರದೆಯಂತೆ ಸರಿಸಿಕೊಂಡು ಗೇಟಪ್ಪ ಒಳಗೆ ಬಂದ. ಬೀದಿಯ ಕೊನೆಯ ಹಿಟ್ಟಿನ ಗಿರಣಿಯಲ್ಲಿ ಗೇಟು ಕಾಯುವವನು. ಎಷ್ಟು ಕಾಲ ಕಾದಿದ್ದನೆಂದರೆ, ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೇ ಒಮ್ಮೊಮ್ಮೆ ಯೋಚಿಸಿ ಹೇಳಬೇಕಾಗುತ್ತಿತ್ತು. ಮೊನ್ನೆ ಇದೇ ದರ್ಜಿ ಹೊಲಿದುಕೊಟ್ಟ ಬಿಳಿ ಅಂಗಿ ತೊಟ್ಟು ಬಂದಿದ್ದ.

“ನೋಡು,” ಎಂದು ಅಂಗಡಿಯ ನಡುವೆ ನಿಂತ. “ಸರಿಯಾಗಿ ನೋಡು. ನಾನು ನೆಟ್ಟಗೆ ನಿಂತಿದೀನೋ ಇಲ್ವೋ?”

“ನಿಂತಿದೀಯ.”

“ಮತ್ತೆ ಅಂಗಿ ಯಾಕೆ ವಾಲಿದೆ?”

ಬಲ ಹೆಗಲು ನಿಜವಾಗಿಯೂ ಇಳಿದಿತ್ತು. ಕತ್ತಿನ ಬಳಿ ಬಟ್ಟೆ ಒಂದು ಕಡೆ ಬಿಗಿದು, ಇನ್ನೊಂದು ಕಡೆ ನೆರಿಗೆ ಬಿದ್ದಿತ್ತು.

“ನಿನ್ನ ಹೆಗಲೇ ಹಾಗಿರಬೇಕು ಬಿಡು. ಇಷ್ಟು ವರ್ಷ ಒಂದೇ ಕೈಯಲ್ಲಿ ಕೋಲು ಹಿಡ್ಕೊಂಡು ನಿಂತಿದೀಯಲ್ಲ.”

“ಇಷ್ಟು ವರ್ಷವೂ ನೀನೇ ತಾನೇ ಹೊಲಿದಿದ್ದು? ಆಗೆಲ್ಲ ನೆಟ್ಟಗಿದ್ದ ಹೆಗಲು ಈಗ ಕೆಲಸ ಬಿಡೋ ಹೊತ್ತಿಗೆ ಜಾರಿಬಿಡ್ತಾ? ಗಿರಣಿಯವರು ನನ್ನನ್ನ ಬೀಳ್ಕೊಡೋ ದಿನ ಈ ಅಂಗಿ ತೊಟ್ಟು ನಿಂತ್ರೆ ಏನಂತಾರೆ ಗೊತ್ತಾ? ಅಯ್ಯೋ ಪಾಪ, ಒಂದು ಪಕ್ಕ ಬಿದ್ದುಹೋಗಿದೆ, ಅದಕ್ಕೇ ಕಳಿಸ್ತಿದಾರೆ ಅಂತಾರೆ!”

ಕತ್ತರಿಸುವ ಮೇಜಿನ ಬಳಿ ನಿಂತಿದ್ದ ಸೊಸೆಗೆ ನಗು ತಡೆಯಲಾಗಲಿಲ್ಲ. ಆ ಅಂಗಡಿಯಲ್ಲಿ ಅಳತೆ ಮಾವನದು, ಕತ್ತರಿ ಸೊಸೆಯದು, ಹೊಲಿಗೆ ಮತ್ತೆ ಮಾವನದು. ನಗುತ್ತ ನಗುತ್ತಲೇ ಅವಳಿಗೆ ಏನೋ ಅನುಮಾನ ಬಂತು. ಹೊರಗೆ ಹೋಗಿ ಹಗ್ಗದ ಮೇಲಿನ ಅಂಗಿಗಳನ್ನು ಒಂದೊಂದಾಗಿ ಹಿಡಿದು ಹೆಗಲು ನೋಡಿ ಬಂದಳು.

“ಮಾವ, ಗೇಟಪ್ಪನವರದು ಒಂದೇ ಅಲ್ಲ. ಔಷಧಿ ಅಂಗಡಿಯವರದೂ ಬಲಕ್ಕೆ ಇಳಿದಿದೆ, ಮೇಷ್ಟ್ರದೂ ಇಳಿದಿದೆ. ಒಬ್ಬರು ವಾಲಬಹುದು. ಬೀದಿಗೆ ಬೀದಿಯೇ ವಾಲುತ್ತಾ?”

ದರ್ಜಿ ಸೂಜಿಗೆ ದಾರ ಪೋಣಿಸತೊಡಗಿದ. ದಾರ ಆಗಲೇ ಪೋಣಿಸಿತ್ತು.

ಗೇಟಪ್ಪನಿಗೆ ಥಟ್ಟನೆ ನೆನಪಾಯಿತು. “ಅಲ್ಲಾ, ಅಳತೆ ತಗೊಳ್ಳೋವಾಗ ನೀನು ಸ್ಟೂಲಿನ ಮೇಲೆ ಕೂತಿದ್ದೆ. ಸ್ವಲ್ಪ ನನ್ನ ಕಡೆ ಬಾಗು ಅಂದೆ, ನಾನೂ ಬಾಗಿದೆ. ಅಯ್ಯಾ ಪುಣ್ಯಾತ್ಮ, ಬಾಗಿದವನ ಅಳತೆ ತೆಗೆದು ನೆಟ್ಟಗಿರೋನಿಗೆ ಅಂಗಿ ಹೊಲಿದಿದೀಯಲ್ಲೋ!”

ಸೊಸೆಯ ಮುಖದ ನಗು ಮಾಯವಾಯಿತು. “ಮಾವ, ನೀವು ಕೂತೇ ಅಳತೆ ತಗೊಳ್ತಿದೀರಾ? ಯಾಕೆ?”

ಯಾಕೆ ಎಂಬುದನ್ನು ದರ್ಜಿ ಯಾರಿಗೂ ಹೇಳಿರಲಿಲ್ಲ. ಕೆಲವು ತಿಂಗಳಿಂದ ಎದ್ದು ನಿಂತ ಕೂಡಲೇ ಯಾರೋ ಕಣ್ಣ ಮುಂದೆ ಸುರುಳಿ ಸುತ್ತಿದ ಕರಿ ಬಟ್ಟೆಯ ತಾನೊಂದನ್ನು ಸರ್ರನೆ ಬಿಚ್ಚಿದ ಹಾಗಾಗುತ್ತಿತ್ತು. ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಎರಡು ಸಲ ಗೋಡೆ ಹಿಡಿದು ಬಚಾವಾಗಿದ್ದ. ಆಮೇಲೆ ಎಂಥ ಉಪಾಯ ಮಾಡಿದನೆಂದರೆ, ಏಳುವುದನ್ನೇ ಬಿಟ್ಟ. ದಾರದ ಉಂಡೆ, ಗುಂಡಿಯ ಡಬ್ಬಿ, ಇಸ್ತ್ರಿ ಪೆಟ್ಟಿಗೆ, ಎಲ್ಲವನ್ನೂ ಕೈಗೆ ಸಿಗುವಂತೆ ಸುತ್ತ ಇಟ್ಟುಕೊಂಡ. ನೀರು ಕುಡಿದರೆ ಬಚ್ಚಲಿಗೆ ಏಳಬೇಕಲ್ಲ ಎಂದು ನೀರನ್ನೂ ಕಡಿಮೆ ಮಾಡಿದ. ಮನೆಯವರು ಪಾಪ, ವಯಸ್ಸಾಯಿತು ಎಂದು ಕೇಳಿದ್ದನ್ನೆಲ್ಲ ಕೂತಲ್ಲಿಗೇ ತಂದುಕೊಟ್ಟರು. ಅವರ ಪ್ರೀತಿಯನ್ನೇ ಅವನು ತನ್ನ ಗುಟ್ಟಿಗೆ ಒಳ ಅಸ್ತರಾಗಿ ಹೊಲಿದುಕೊಂಡಿದ್ದ.

“ಸೋಮಾರಿತನ ಕಣಮ್ಮ, ಇನ್ನೇನು,” ಎಂದ. “ಈಗ ನೋಡು, ನಿಂತೇ ತಗೊಳ್ತೀನಿ.” ಟೇಪನ್ನು ಕೊರಳಿಗೆ ಹಾಕಿಕೊಂಡು ದಡಕ್ಕನೆ ಎದ್ದ. ಗೇಟಪ್ಪನ ಹೆಗಲಿಗೆ ಟೇಪಿನ ತುದಿ ಮುಟ್ಟಿಸುವಷ್ಟರಲ್ಲಿ ಕಣ್ಣ ಮುಂದೆ ಆ ಕರಿ ತಾನು ಬಿಚ್ಚಿಕೊಂಡಿತು. ಕೈಗೆ ಸಿಕ್ಕಿದ್ದು ಗೇಟಪ್ಪನ ಕಾಲರು. ಕಾಲರೂ ಹರಿಯಿತು, ದರ್ಜಿಯೂ ಬಿದ್ದ. ದೇವರು ದೊಡ್ಡವನು, ಬಿದ್ದದ್ದು ಕತ್ತರಿಸಿ ಉಳಿದ ಬಟ್ಟೆಯ ರಾಶಿಯ ಮೇಲೆ.

ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಕಾಲರಿಲ್ಲದ ಗೇಟಪ್ಪ. “ಅಂಗಿ ಸರಿ ಮಾಡಿಕೊಡು ಅಂದ್ರೆ, ಇರೋದನ್ನೂ ಕಿತ್ಕೊಂಡೆ,” ಎಂದ ಅವನು. ಅವನ ಕೈ ದರ್ಜಿಯ ತಲೆಯಡಿಗೆ ಬಟ್ಟೆ ಒತ್ತಿಡುತ್ತಿತ್ತು.

ಡಾಕ್ಟರಮ್ಮನ ದವಾಖಾನೆ ಎದುರು ಸಾಲಿನಲ್ಲೇ ಇತ್ತು. ಮೋಟಾರು ರಿಪೇರಿ ಮಾಡುವ ಮಗ ಕೈಗೆ ಮೆತ್ತಿದ ಗ್ರೀಸಿನ ಸಮೇತ ಓಡಿಬಂದ. ಡಾಕ್ಟರಮ್ಮ ದರ್ಜಿಯನ್ನು ಮಲಗಿಸಿ ರಕ್ತದೊತ್ತಡ ನೋಡಿದರು, ನಿಧಾನವಾಗಿ ನಿಲ್ಲಿಸಿ ಮತ್ತೆ ನೋಡಿದರು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ. ಎದೆಗೆ ತಂತಿ ಅಂಟಿಸಿ ಹೃದಯದ ಗೆರೆ ತೆಗೆದರು. ಅಷ್ಟೂ ಹೊತ್ತು ದರ್ಜಿ ನೋಡಿದ್ದು ಅವರ ಬಿಳಿ ಕೋಟಿನ ಹೆಗಲನ್ನು. ನೆಟ್ಟಗಿತ್ತು. ಅದು ಹಿಂದೆ ಅವನೇ ನಿಂತು ತೆಗೆದ ಅಳತೆ.

“ಹೃದಯ ಚೆನ್ನಾಗಿದೆ,” ಎಂದರು ಡಾಕ್ಟರಮ್ಮ. “ತೊಂದರೆ ಇರೋದು ಸುದ್ದಿ ಮುಟ್ಟೋದರಲ್ಲಿ. ನಾವು ಎದ್ದ ತಕ್ಷಣ ರಕ್ತ ಕಾಲಿನ ಕಡೆ ಇಳಿಯುತ್ತೆ. ಕತ್ತಿನ ರಕ್ತನಾಳದಲ್ಲಿ, ಎದೆಯಲ್ಲಿ, ಅದನ್ನ ಗಮನಿಸೋ ಕಾವಲುಗಾರರಿದಾರೆ.”

ಬಾಗಿಲ ಬಳಿ ಕುಳಿತಿದ್ದ ಗೇಟಪ್ಪನ ಕಿವಿ ನೆಟ್ಟಗಾಯಿತು. “ನಮ್ಮೋರಾ?”

“ನಿಮ್ಮೋರೇ. ಅವರು ಮೆದುಳಿಗೆ ಸುದ್ದಿ ಕೊಡ್ತಾರೆ. ಅಲ್ಲಿಂದ ನರಗಳ ಮೂಲಕ ಅಪ್ಪಣೆ ಹೊರಡುತ್ತೆ: ಹೃದಯವೇ, ಬೇಗ ಬಡಿ, ರಕ್ತನಾಳವೇ, ಬಿಗಿ ಹಿಡಿ. ನಾವು ಪೂರ್ತಿ ಎದ್ದು ನಿಲ್ಲೋದರೊಳಗೆ ರಕ್ತ ತಲೆಗೆ ಮುಟ್ಟಿರುತ್ತೆ. ನಮ್ಮನ್ನ ಒಂದು ಮಾತೂ ಕೇಳಲ್ಲ. ಸ್ವಾಯತ್ತ ನರವ್ಯೂಹ ಅಂತ ಪುಸ್ತಕದಲ್ಲಿ ಹೆಸರು. ವಯಸ್ಸಾದ ಹಾಗೆ ಅದು ಎಲ್ಲರಿಗೂ ಸ್ವಲ್ಪ ನಿಧಾನವಾಗುತ್ತೆ. ಮೈ ಆಡಿಸ್ತಾ ಇರೋರಿಗೆ ಆ ದಾರಿ ಓಡಾಟದಲ್ಲಿರುತ್ತೆ. ಕೂತೇ ಇದ್ರೆ...”

“ಹುಲ್ಲು ಬೆಳೆಯುತ್ತೆ,” ಎಂದ ಗೇಟಪ್ಪ.

“ಸರಿಯಾಗಿ ಹೇಳಿದ್ರಿ. ಸಾಲದ್ದಕ್ಕೆ ನೀರು ಬೇರೆ ಬಿಟ್ಟಿದಾರೆ, ಒಣಗಿದ ನಾಲಿಗೆ ನೋಡಿದ್ರೇ ಗೊತ್ತಾಗುತ್ತೆ.”

“ಹಾಗಾದ್ರೆ ಅಪ್ಪನಿಗೆ ಇನ್ನು ವಿಶ್ರಾಂತಿ ಕೊಡಬೇಕು, ಅಲ್ವಾ ಮೇಡಂ?” ಎಂದು ಮಗ ಕೇಳಿದ.

“ವಿಶ್ರಾಂತಿಯೇ ಜಾಸ್ತಿಯಾಗಿರೋದಪ್ಪ. ಕಾಲಿನ ಹಿಂದಿನ ಈ ಮೀನಖಂಡ ಇದೆಯಲ್ಲ, ಇದು ಹಿಂಡಿದಾಗೆಲ್ಲ ರಕ್ತ ಮೇಲಕ್ಕೆ ಹೋಗುತ್ತೆ. ಕಾಲಲ್ಲೇ ಇನ್ನೊಂದು ಸಣ್ಣ ಹೃದಯ ಇದ್ದ ಹಾಗೆ.” ದರ್ಜಿಯ ಕಡೆ ತಿರುಗಿ ಕೇಳಿದರು: “ಮೊದಲೆಲ್ಲ ಕಾಲಿಗೆ ಏನಾದ್ರೂ ಕೆಲಸ ಇತ್ತಾ ನಿಮಗೆ?”

ದರ್ಜಿ ಬಾಯಿ ತೆರೆದ. ಮಗನ ಮುಖ ಕಂಡಿತು. ಬಾಯಿ ಮುಚ್ಚಿದ. “ಏನಿಲ್ಲಮ್ಮ,” ಎಂದ. “ಹೊಲೀತಿದ್ದೆ.”

ಬಾಯಿಯ ತನಕ ಬಂದು ಹಿಂದಕ್ಕೆ ಹೋದ ಮಾತು ಇದು. ಅವನದು ತಂದೆಯ ಕಾಲದ ತುಳಿಯುವ ಮೆಷಿನ್ನು. ಕೆಳಗೆ ಕಬ್ಬಿಣದ ಹಲಗೆ, ಪಕ್ಕದಲ್ಲಿ ದೊಡ್ಡ ಚಕ್ರ, ಆ ಚಕ್ರದಿಂದ ಮೇಲಿನ ಚಕ್ರಕ್ಕೆ ಚರ್ಮದ ಬೆಲ್ಟು. ಬೆಳಗಿನಿಂದ ದೀಪ ಹಚ್ಚುವ ತನಕ ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಕೆಲವು ವರ್ಷದ ಹಿಂದೆ ಮಗ ಸ್ವಂತ ಅಂಗಡಿ ಹಾಕಿದಾಗ, ತನ್ನ ಕೈಯಿಂದಲೇ ತಂತಿ ಸುತ್ತಿದ ಮೊದಲ ಮೋಟಾರನ್ನು ತಂದು ಅಪ್ಪನ ಮೆಷಿನ್ನಿಗೆ ಕೂರಿಸಿದ್ದ. ಬೆಲ್ಟು ಬಿಚ್ಚಿದ. ಹಲಗೆ ಅಲ್ಲಾಡದಿರಲೆಂದು ಅಡಿಗೆ ಮರದ ತುಂಡು ಕೊಟ್ಟು ಬಿಗಿದ. ಅದರ ಮೇಲೆ ಮೋಟಾರಿನ ಪುಟ್ಟ ಒತ್ತುಗುಂಡಿ ಇಟ್ಟ. “ಸಾಕಪ್ಪ ತುಳಿದಿದ್ದು. ಇನ್ನು ಬೆರಳು ಒತ್ತಿದ್ರೆ ಸಾಕು. ಬೆಲ್ಟು ನನ್ನ ಹತ್ರಾನೇ ಇರುತ್ತೆ, ಸರಿಹೋಗದಿದ್ರೆ ಹೇಳು, ವಾಪಸ್ ಹಾಕಿಕೊಡ್ತೀನಿ,” ಎಂದಿದ್ದ. ಅಂದು ದರ್ಜಿ ಹೋಗುವವರನ್ನೆಲ್ಲ ಕರೆದು, “ನನ್ನ ಮಗ ಕಟ್ಟಿದ್ದು, ಸದ್ದು ಕೇಳಿ, ಬೆಕ್ಕು ನಿದ್ದೆ ಮಾಡಿದ ಹಾಗಿದೆ,” ಎಂದು ಬೀಗಿದ್ದ. ಆ ಬಾಯಲ್ಲಿ ಈಗ ಹೇಗೆ ಹೇಳುವುದು? ಮಗನ ಪ್ರೀತಿಯನ್ನು ಕಾಯಿಲೆಯ ಕಾರಣ ಎನ್ನಲು ಅವನಿಗೆ ನಾಲಿಗೆ ಏಳಲಿಲ್ಲ.

ದವಾಖಾನೆಯ ಮೆಟ್ಟಿಲಲ್ಲೇ ವಾದ ಹತ್ತಿತು.

“ಡಾಕ್ಟರು ಹೇಳೋದು ಹೇಳಲಿ,” ಎಂದ ಮಗ. “ಕೈಯಲ್ಲಿ ಕತ್ತರಿ ಇದ್ದಾಗ ಬಿದ್ರೆ? ಅಂಗಡಿಗೆ ಬೇರೆಯವರನ್ನ ಇಟ್ಕೊಳ್ಳೋಣ. ಅಪ್ಪ ಮನೇಲಿರಲಿ.”

“ಮನೇಲಿ ಏನ್ ಮಾಡ್ತಾರೆ? ಗೋಡೆಗೆ ಅಳತೆ ತಗೊಳ್ತಾರಾ?” ಎಂದಳು ಸೊಸೆ.

“ನೀನು ಸುಮ್ನಿರು. ಬಿದ್ದದ್ದನ್ನ ನೋಡಿದೋಳು ನೀನೇ ತಾನೇ?”

“ನೋಡಿದೀನಿ. ಅಂಗಡಿ ಬಿಟ್ಟು ಕೂತೋರನ್ನೂ ನೋಡಿದೀನಿ.”

ಕೊನೆಗೆ ತೀರ್ಮಾನ ಕೊಟ್ಟವನು ಗೇಟಪ್ಪ. ಅವನನ್ನು ಬೀಳ್ಕೊಡುವ ದಿನಕ್ಕೆ ಇನ್ನೂ ಮೂರು ತಿಂಗಳಿತ್ತು. “ಅಷ್ಟರೊಳಗೆ ಇವನು ನಿಂತು, ಏನನ್ನೂ ಹಿಡಿಯದೆ ನನ್ನ ಅಳತೆ ತಗೊಂಡ್ರೆ ಅಂಗಡಿ ಇವನದೇ. ಇಲ್ಲಾಂದ್ರೆ ಮಗ ಹೇಳಿದ ಹಾಗೆ ಮನೆ. ಆದ್ರೆ ಒಂದು ಮಾತು, ಇನ್ನೊಂದು ಕಾಲರು ಹರಿದ್ರೆ ಸುಮ್ನಿರಲ್ಲ ನಾನು.”

ದರ್ಜಿ ಮಗನ ಮುಖ ನೋಡಿದ. ಮಗ ಬೇರೆ ಕಡೆ ನೋಡುತ್ತ ತಲೆಯಾಡಿಸಿ ಒಪ್ಪಿದ.

ಹೀಗೆ, ನಡೆಯಲು ಕಲಿತು ಎಷ್ಟೋ ಕಾಲವಾದ ಮೇಲೆ, ದರ್ಜಿ ಏಳುವುದನ್ನು ಕಲಿಯತೊಡಗಿದ. ಏಳುವ ಮುಂಚೆ ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸಬೇಕು. ಮಲಗಿದ್ದರೆ ಮೊದಲು ಕೂತು, ಸ್ವಲ್ಪ ತಡೆದು, ಆಮೇಲೆ ನಿಲ್ಲಬೇಕು. ನಿಂತ ಮೇಲೂ ಒಂದು ಗಳಿಗೆ ಕಾಲಲ್ಲೇ ಇರಬೇಕು, ಕೆಲಸಕ್ಕೆ ಹಾರಬಾರದು. ಸೊಸೆ ನೀರಿನ ಲೋಟ ಹಿಡಿದು ಎದುರು ನಿಂತರೆ ಖಾಲಿ ಮಾಡದೆ ಬಿಡುಗಡೆಯಿಲ್ಲ.

“ನಿನ್ನತ್ತೆ ಇದ್ದಿದ್ರೆ ಇಷ್ಟು ಜೋರು ಮಾಡ್ತಿರಲಿಲ್ಲ,” ಎಂದು ಅವನು ಗೊಣಗಿದರೆ,

“ಅತ್ತೆ ಇದ್ದಿದ್ರೆ ಎರಡು ಲೋಟ ಕುಡಿಸ್ತಿದ್ರು,” ಎನ್ನುತ್ತಿದ್ದಳು.

ಬೆಳಗ್ಗೆ ಅವಳ ಜೊತೆ ಗೋಡೆಯ ಪಕ್ಕ ನಡೆದು ಮೊದಲು ಬೀದಿ ನಲ್ಲಿಯ ತನಕ, ಕೆಲವು ದಿನ ಕಳೆದು ಔಷಧಿ ಅಂಗಡಿಯ ತನಕ, ಆಮೇಲೆ ಗಿರಣಿಯ ಗೇಟಿನ ತನಕ. ಗೇಟಿನಲ್ಲಿ ಗೇಟಪ್ಪ ಸ್ಟೂಲು ಹಾಕಿಟ್ಟು ಕಾಯುತ್ತಿದ್ದ. “ಬನ್ನಿ ಬನ್ನಿ, ಆಮೆಗಳ ಓಟದಲ್ಲಿ ಇವತ್ತೂ ನೀನೇ ಗೆದ್ದೆ,” ಎನ್ನುತ್ತಿದ್ದ.

ಆ ಸ್ಟೂಲಿನ ಮೇಲೆ ಕುಳಿತ ಒಂದು ಬೆಳಗ್ಗೆ ದರ್ಜಿ ಎದೆಯ ಮೇಲೆ ಅಂಗೈ ಇಟ್ಟುಕೊಂಡ. ಒಳಗೆ ಡಬಡಬ ಎನ್ನುತ್ತಿತ್ತು. ನೋಡನೋಡುತ್ತಿದ್ದಂತೆ, ಯಾರೋ ಒಳಗಿಂದ ಲಗಾಮು ಎಳೆದ ಹಾಗೆ ಬಡಿತ ನಿಧಾನವಾಯಿತು. ಓಡಿಸಲು ಒಂದು ನರ, ತಡೆಯಲು ಇನ್ನೊಂದು ಎಂದು ಡಾಕ್ಟರಮ್ಮ ಹೇಳಿದ್ದು ನೆನಪಾಯಿತು. ಮೊದಮೊದಲು ಆ ಓಟ ಇಳಿಯಲು ಬಹಳ ಹೊತ್ತು ಹಿಡಿಯುತ್ತಿತ್ತು. ಈಗ ಗೇಟಪ್ಪ ಒಂದು ಚಾಡಿ ಹೇಳಿ ಮುಗಿಸುವಷ್ಟರಲ್ಲಿ ಇಳಿಯುತ್ತಿತ್ತು.

ದರ್ಜಿ ಬೆರಗಾದ. ಹುಟ್ಟಿದಂದಿನಿಂದ ನನ್ನೊಳಗೆ ಯಾರೋ ದುಡಿಯುತ್ತಿದ್ದಾರೆ. ನಾನು ಎದ್ದಾಗಲೆಲ್ಲ ರಕ್ತ ಹೊತ್ತು ತಲೆಗೆ ಮುಟ್ಟಿಸಿದ್ದಾರೆ, ಕುಳಿತಾಗಲೆಲ್ಲ ಎದೆ ಸವರಿ ಸಮಾಧಾನ ಮಾಡಿದ್ದಾರೆ. ಕರೆದಿಲ್ಲ, ಕೂಲಿ ಕೊಟ್ಟಿಲ್ಲ, ಇದ್ದಾರೆಂದೂ ಗೊತ್ತಿರಲಿಲ್ಲ. ಕೈ ತಪ್ಪು ಮಾಡಿದರೆ ಕೈಯನ್ನು ಬೈದೆ, ಕಣ್ಣು ಮಂಜಾದರೆ ಕಣ್ಣಿಗೆ ಕನ್ನಡಕ ಕೊಟ್ಟೆ. ಇವರಿಗೆ ಏನು ಕೊಟ್ಟೆ? ಅವರು ಬೇಡಿದ್ದಾದರೂ ಏನು, ದಿನವೂ ಒಂದಿಷ್ಟು ಕೆಲಸ. ಅದನ್ನೂ ಕಿತ್ತುಕೊಂಡು ಕೂತಿದ್ದೆನಲ್ಲ ದೇವರೇ!

“ಏನಾಯ್ತು, ಕಣ್ಣು ಒದ್ದೆ?” ಎಂದ ಗೇಟಪ್ಪ.

“ಹಿಟ್ಟಿನ ಧೂಳು.”

“ಗಿರಣಿ ಇನ್ನೂ ಶುರುವಾಗಿಲ್ಲ.”

“ನಿನ್ನೇದು.”

ಎಲ್ಲ ದಿನವೂ ಹೀಗೆ ಹೂವಿನ ಹಾಗೆ ಇರಲಿಲ್ಲ. ಒಂದು ಮಧ್ಯಾಹ್ನ ಅಂಚೆಯವನು ಕೂಗಿದನೆಂದು ದರ್ಜಿ ಹುರುಪಿನಲ್ಲಿ ಎಗರಿ ಎದ್ದ. ಕರಿ ತಾನು ಮತ್ತೆ ಬಿಚ್ಚಿಕೊಂಡಿತು. ಕತ್ತರಿಸುವ ಮೇಜಿನ ಅಂಚು ಹಿಡಿದು ನೆಲಕ್ಕೆ ಕುಸಿದು ಕುಳಿತ. “ಮುಗೀತು ಕಣಮ್ಮ,” ಎಂದು ಮುಖ ಮುಚ್ಚಿಕೊಂಡ. “ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಯ್ತು. ನಿನ್ನ ಗಂಡನಿಗೆ ಹೇಳಿಬಿಡು.”

ಸೊಸೆ ಪಕ್ಕದಲ್ಲಿ ನೆಲದ ಮೇಲೇ ಕುಳಿತಳು. “ಬಿದ್ರಾ?”

“ಬಿದ್ದೆನಲ್ಲ.”

“ಇಲ್ಲ. ಕೂತ್ಕೊಂಡ್ರಿ. ಹೋದ ಸಲ ಬಿದ್ರಿ, ಈ ಸಲ ಕತ್ತಲೆ ಬರೋದು ಗೊತ್ತಾಗಿ ಕೂತ್ಕೊಂಡ್ರಿ. ಕಾಲರೂ ಹರೀಲಿಲ್ಲ. ಅವರಿಗೆ ಯಾಕೆ ಹೇಳಬೇಕು? ನೀರು ಕುಡೀರಿ.”

ಸಂಜೆ ಅವಳು ಡಾಕ್ಟರಮ್ಮನಿಗೆ ಮಾತ್ರ ಹೋಗಿ ಹೇಳಿಬಂದಳು. “ವಯಸ್ಸು ಹಿಂದಕ್ಕೆ ಹೋಗಲ್ಲ, ಎಗರಿ ಏಳೋ ಕಾಲ ಮುಗೀತು ಅಂತ ಹೇಳಿ ಅವರಿಗೆ. ನಿಧಾನವಾಗಿ ಎದ್ರೆ ಖಂಡಿತ ನಿಲ್ತಾರೆ,” ಎಂದಿದ್ದರಂತೆ ಅವರು.

ಗೊತ್ತುಮಾಡಿದ ದಿನಕ್ಕೆ ವಾರವಿರುವಾಗ ಗೇಟಪ್ಪ ಹೊಸ ಬಿಳಿ ಬಟ್ಟೆ ಹಿಡಿದು ಬಂದು ಅಂಗಡಿಯ ನಡುವೆ ನಿಂತ. ಮಗನೂ ಬಂದು ಬಾಗಿಲ ಚೌಕಟ್ಟಿಗೆ ಒರಗಿದ. ಸೊಸೆ ಕತ್ತರಿಯನ್ನು ದೂರ ಸರಿಸಿಟ್ಟಳು.

ದರ್ಜಿ ಕೂತಲ್ಲೇ ಹಿಮ್ಮಡಿ ಎತ್ತಿದ, ಇಳಿಸಿದ. ತೊಡೆಯ ಮೇಲೆ ಕೈಯೂರಿ ಎದ್ದ. ಕರಿ ಬಟ್ಟೆಯ ಅಂಚು ಕಣ್ಣಿನ ಮೂಲೆಯಲ್ಲಿ ಕಂಡಿತು. ಅವನು ಓಡಲಿಲ್ಲ, ಹೆದರಲಿಲ್ಲ. ಒಳಗಿರುವವರು ಬರಲಿ ಎಂದು ಕಾದ. ಬಂದರು. ಅಂಚು ಹಿಂದಕ್ಕೆ ಸರಿಯಿತು. ಅಂಗಡಿ, ಬೆಳಕು, ಗೇಟಪ್ಪನ ಗಾಬರಿ ಮುಖ, ಎಲ್ಲ ತಮ್ಮ ತಮ್ಮ ಜಾಗದಲ್ಲಿದ್ದವು. ಟೇಪನ್ನು ಬಿಚ್ಚಿ ಗೇಟಪ್ಪನ ಹೆಗಲಿಗೆ ಹಿಡಿದ.

“ವಾಲಬೇಡ!”

“ರೂಢಿಯಾಗಿಬಿಟ್ಟಿದೆ ಮಾರಾಯಾ.”

“ನಾನೇ ನಿಂತಿದೀನಿ, ನಿನಗೇನು ಧಾಡಿ? ನೆಟ್ಟಗೆ ನಿಲ್ಲು.”

ಹೆಗಲು, ಎದೆ, ತೋಳು, ಕತ್ತು. ಅವನು ಒಂದೊಂದೇ ಕೂಗಿದ, ಸೊಸೆ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೇ ಗುರುತು ಹಾಕಿಕೊಂಡಳು. ಕೊನೆಯ ಅಳತೆ ಮುಗಿದಾಗ ದರ್ಜಿ ಬಾಗಿಲ ಕಡೆ ನೋಡಿದ. ಮಗನ ಕಣ್ಣು ತುಂಬಿತ್ತು. “ಸರಿಯಪ್ಪಾ,” ಎಂದನಷ್ಟೆ. “ಅಂಗಡಿ ನಿನ್ನದೇ.”

ಅಂಗಿ ಹೊಲಿಯುವ ದಿನ ಮಗ ಇನ್ನೊಮ್ಮೆ ಬಂದ. ಮೋಟಾರಿನ ತಂತಿ ಸಡಿಲವಾಗಿದೆ ಎಂದು ಸೊಸೆ ಹೇಳಿಕಳಿಸಿದ್ದಳು. ದರ್ಜಿ ಕಾಲರು ಕೂರಿಸುವುದರಲ್ಲಿ ಮುಳುಗಿದ್ದ. ಮಗ ಮೇಜಿನ ಕೆಳಗೆ ಬಗ್ಗಿದವನು ಅಲ್ಲೇ ಉಳಿದ.

ಬಲಗಾಲಿನ ಹೆಬ್ಬೆರಳು ಒತ್ತುಗುಂಡಿಯ ಮೇಲಿತ್ತು. ಆದರೆ ಎರಡೂ ಪಾದಗಳು ಬಿಗಿದಿಟ್ಟ ಹಲಗೆಯ ಮೇಲೆ ತುಳಿಯುತ್ತಿದ್ದವು. ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು. ಹಲಗೆ ಅಲ್ಲಾಡುತ್ತಿರಲಿಲ್ಲ, ಚಕ್ರ ತಿರುಗುತ್ತಿರಲಿಲ್ಲ. ಅಡಿಗಿಟ್ಟ ಮರದ ತುಂಡು ಮಾತ್ರ ಕಿಂಯ್ ಕಿಂಯ್ ಎನ್ನುತ್ತಿತ್ತು.

“ಅಪ್ಪಾ,” ಎಂದ ಕೆಳಗಿನಿಂದಲೇ. “ಕಾಲಲ್ಲಿ ಏನ್ ಮಾಡ್ತಿದೀಯ?”

“ಡಾಕ್ಟರಮ್ಮ ಹೇಳಿಕೊಟ್ಟಿದ್ದು.”

ಮಗ ಆ ಮರದ ತುಂಡನ್ನು ಬೆರಳಿಂದ ಮುಟ್ಟಿ ನೋಡಿದ. ಆಮೇಲೆ ಕೇಳಿದ, “ಡಾಕ್ಟರಮ್ಮ ಹೇಳೋಕೂ ಮುಂಚೆ ಇದನ್ನೇ ಮಾಡ್ತಿದ್ದೆ, ಅಲ್ವಾ? ನಾನು ಬಿಡಿಸೋ ತನಕ.”

ದರ್ಜಿ ಹೊಲಿಗೆ ನಿಲ್ಲಿಸಿದ. “ಮೋಟಾರು ಚೆನ್ನಾಗಿದೆ ಕಣೋ,” ಎಂದ. “ದಪ್ಪ ಬಟ್ಟೆಗೆ ಅದೇ ಬೇಕು. ತಪ್ಪು ಅದರದ್ದಲ್ಲ, ನಿನ್ನದೂ ಅಲ್ಲ. ಏಳೋದನ್ನ ಬಿಟ್ಟವನು ನಾನು.”

“ಬೆಲ್ಟು ವಾಪಸ್ ಹಾಕು ಅಂತ ಒಂದು ಮಾತು ಹೇಳಬಾರದಿತ್ತಾ ನನಗೆ?”

“ನೀನು ಕೈಯಾರೆ ಕಟ್ಟಿದ್ದು,” ಎಂದ ದರ್ಜಿ.

ಮಗ ತಂತಿ ಬಿಗಿದು ಹೊರಟುಹೋದ.

ಗೇಟಪ್ಪನನ್ನು ಬೀಳ್ಕೊಡುವ ಬೆಳಗ್ಗೆ ಗಾಳಿ ಅಡಗಿ ಎಳೆಬಿಸಿಲು ಬಿದ್ದಿತ್ತು. ಬಿಳಿ ಅಂಗಿ ಹಗ್ಗದ ಮೇಲೆ ಎರಡೂ ಹೆಗಲು ಸಮವಾಗಿ ತೂಗುತ್ತಿತ್ತು. ದರ್ಜಿ ಬಾಗಿಲು ತೆಗೆದು ಬಂದು ಕುಳಿತು, ಚಕ್ರದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದ. ಕಣ್ಣು ಕೊಟ್ಟೆ, ಬೆರಳು ಕೊಟ್ಟೆ, ದಾರ ಕೊಟ್ಟೆ, ತೊಡುವ ಜನರನ್ನು ಕೊಟ್ಟೆ. ಎಲ್ಲಿ ಮಾತು ಮುಗಿಯುತ್ತಿತ್ತೋ ಅಲ್ಲಿ ಇಂದು ಅವನು ನಿಲ್ಲಿಸಲಿಲ್ಲ. ಕಾಲು ಕೊಟ್ಟೆ. ಕರೆಯದೆ ಬರುವವರನ್ನು ಒಳಗಿಟ್ಟೆ. ನಾನು ಮರೆತಿದ್ದೆ, ಅವರು ಮರೆಯಲಿಲ್ಲ. ಬಿದ್ದಾಗ ಎತ್ತುವ ಮನೆಯವರನ್ನು ಕೊಟ್ಟೆ, ಬಯ್ಯುವ ಗೆಳೆಯನನ್ನೂ ಕೊಟ್ಟೆ. ನಿನ್ನ ಋಣ ದೊಡ್ಡದು.

ಕೆಳಗೆ ಏನೋ ಕದಲಿದ ಸದ್ದಾಯಿತು. ಕಣ್ಣು ಬಿಟ್ಟು ನೋಡಿದರೆ, ಯಾವಾಗಲೋ ಸದ್ದಿಲ್ಲದೆ ಒಳಬಂದ ಮಗ ಮಂಡಿಯೂರಿ ಕುಳಿತಿದ್ದ. ಮರದ ತುಂಡನ್ನು ಕಿತ್ತು ಪಕ್ಕಕ್ಕಿಟ್ಟಿದ್ದ. ಅಪ್ಪನ ಪಾದದಡಿಯ ಹಲಗೆ ಎಷ್ಟೋ ಕಾಲದ ಮೇಲೆ ಮೆಲ್ಲಗೆ ತೂಗಿತು. ಮೋಟಾರು ಇದ್ದ ಜಾಗದಲ್ಲೇ ಇತ್ತು. ಮಗ ಜೇಬಿನಿಂದ ಸುರುಳಿ ಸುತ್ತಿದ ಚರ್ಮದ ಬೆಲ್ಟನ್ನು ತೆಗೆದ. ಎಣ್ಣೆ ಸವರಿ ಮೆದು ಮಾಡಿದ್ದ. ಅದನ್ನು ಎರಡೂ ಕೈಯಲ್ಲಿ ಹಿಡಿದು, ತಲೆ ಎತ್ತದೆ, ಅಪ್ಪನ ಅಂಗೈಯಲ್ಲಿಟ್ಟ.